ಒಡೆಯನನ್ನು ಕಾಣದ ಹಣ



ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಮನೆಗಳಲ್ಲಿ ಹಿರಿಯರು ಗತಿಸಿದ ಬಳಿಕ ಪೆಟ್ಟಿಗೆಯ ತಳದಲ್ಲಿ ಹಳೆಯ ಪಾಸುಪುಸ್ತಕ ದೊರೆಯುವುದುಂಟು. ಆ ಹಣ ಈಗ ಯಾರದು? ಪ್ರಶ್ನೆಯು ಪುರಾತನವಾದುದು.

ಈ ಸೀಮೆಯು ಕಲ್ಯಾಣದ ಚಾಲುಕ್ಯರಿಗೆ ಸೇರಿದ್ದಾಗ, ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ಕಳೆದುಹೋದ ದ್ರವ್ಯವು ಅರಸನ ಕೈಸೇರಿದರೆ ಅದನ್ನು ಒಡೆಯನಿಗೇ ಕೊಡತಕ್ಕದ್ದೆಂಬುದು ಆ ಸ್ಮೃತಿಯ ವಿಧಿ. ಮನುವಿನ ಮತದಲ್ಲಿ ಅರಸನು ಅದನ್ನು ಮೂರು ವರ್ಷ ಕಾಯಬೇಕು, ತನ್ನದೆನ್ನುವವನು ವಸ್ತುವಿನ ರೂಪವನ್ನೂ ಸಂಖ್ಯೆಯನ್ನೂ ಹೇಳಬೇಕು, ಸುಳ್ಳಾಡಿದವನಿಗೆ ದಂಡ. ಕಾಯ್ದುದಕ್ಕಾಗಿ ಅರಸನು ಆರನೆಯ, ಹತ್ತನೆಯ ಇಲ್ಲವೆ ಹನ್ನೆರಡನೆಯ ಒಂದು ಪಾಲನ್ನು ತೆಗೆದುಕೊಳ್ಳಬಹುದಾಗಿತ್ತು.

ಇಂದಿನ ಏರ್ಪಾಡನ್ನು ಇದರೊಡನೆ ಹೋಲಿಸಿ ನೋಡೋಣ. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಠೇವಣಿಯು, 2014ರಲ್ಲಿ ರಿಸರ್ವ್ ಬ್ಯಾಂಕು ಸ್ಥಾಪಿಸಿದ ಠೇವಣಿದಾರರ ನಿಧಿಗೆ ಹೋಗುವುದು. ಆದರೂ ಒಡೆಯನ ಹಕ್ಕು ಅಳಿಯದು. ಅರಸನ ಪಾಲಿನಂತೆ ಏನನ್ನೂ ಕಳೆಯುವುದಿಲ್ಲ. ಬಡ್ಡಿಯ ಠೇವಣಿಗೆ ಬಡ್ಡಿಯೂ ಸಲ್ಲುವುದು. 2023ರ ಆಗಸ್ಟಿನಲ್ಲಿ ತೆರೆದ ‘ಉದ್ಗಮ್’ ಜಾಲತಾಣದಲ್ಲಿ ಹಲವು ಬ್ಯಾಂಕುಗಳ ಇಂತಹ ಖಾತೆಗಳನ್ನು ಒಟ್ಟಿಗೆ ಹುಡುಕಬಹುದು. ಅಲ್ಲಿಯೂ ಖಾತೆದಾರನ ಹೆಸರಿನೊಡನೆ ಜನ್ಮದಿನಾಂಕ, ಪ್ಯಾನ್ ಸಂಖ್ಯೆ ಮೊದಲಾದ ಗುರುತು ಬೇಕು. ಹಣವನ್ನು ಮಾತ್ರ ಆಯಾ ಬ್ಯಾಂಕಿನಲ್ಲಿಯೇ ಕೇಳತಕ್ಕದ್ದು. ವಾರಸುದಾರರು ಮರಣಪತ್ರವನ್ನೂ ತಮ್ಮ ಹಕ್ಕಿನ ದಾಖಲೆಗಳನ್ನೂ ಒಪ್ಪಿಸಬೇಕು.

ಒಂದು ಸಾವಿರ ವರ್ಷಗಳಲ್ಲಿ ಕಾಯುವವನು ಬದಲಾಗಿರುವನು. ಗುರುತು ಹೇಳುವ ಭಾರವು ಒಡೆಯನ ಮೇಲೆಯೇ ಉಳಿದಿದೆ. ವಿಧವೆಗೂ ಮಕ್ಕಳಿಗೂ ಆ ಗುರುತೇ ತಿಳಿಯದಿದ್ದರೆ ಹಕ್ಕಿದ್ದೂ ಕೈಗೆ ಬಾರದು. ಆದುದರಿಂದ ನಮ್ಮ ಖಾತೆಗಳ ವಿವರವನ್ನು ಮನೆಯವರಿಗೆ ಬರೆದಿಡುವುದೂ, ನಾಮನಿರ್ದೇಶನ ಮಾಡುವುದೂ ನಮ್ಮೆಲ್ಲರ ಕರ್ತವ್ಯವಾಗಿದೆ.