ಬೆಂಕಿಯ ಹದ, ಶೀತದ ಗುಟ್ಟು

ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ನೀರಿಗದ್ದಿದರೆ ಗಡುಸಾಗುತ್ತದೆ. ಕುಲುಮೆಯಲ್ಲೇ ಮೆಲ್ಲನೆ ಆರಲು ಬಿಟ್ಟರೆ ಮೆದುವಾಗುತ್ತದೆ. ಬೆಂಕಿಯ ಹದದಿಂದ ಲೋಹದ ಒಳರಚನೆ ಬದಲಾಗುವುದೆಂಬ ಮಾತು ನಮ್ಮ ಕಮ್ಮಾರರಿಗೆ ಹೊಸದಲ್ಲ. ಈ ವಿದ್ಯೆಯೇ ಕಡುಶೀತದ ಲೋಕದ ವ್ಯಾಜ್ಯವೊಂದನ್ನು ತೀರಿಸಿದ ಕಥೆ ಕೇಳತಕ್ಕದ್ದು.

1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕ್ಯಾಮರ್ಲಿಂಗ್ ಓನೆಸ್ ಎಂಬ ವಿಜ್ಞಾನಿ ಪಾದರಸವನ್ನು ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ತಂಪುಗೊಳಿಸಿದಾಗ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ಇದೇ ಅತಿವಾಹಕತೆ. ಇಂಥ ತಂತಿಯನ್ನು ಸುತ್ತಿ ಪ್ರಬಲ ಅಯಸ್ಕಾಂತ ಮಾಡಬಹುದೆಂದು ಅವರು ಆಶಿಸಿದರು. ಆದರೆ ಸೀಸ, ತವರಗಳು ಕೆಲವು ನೂರು ಗೌಸ್ ಕಾಂತಕ್ಷೇತ್ರಕ್ಕೇ ಈ ಗುಣವನ್ನು ಬಿಟ್ಟುಕೊಟ್ಟವು. 1930ರಲ್ಲಿ ಅದೇ ಲೈಡನ್ನಿನಲ್ಲಿ ಸೀಸ–ಬಿಸ್ಮತ್ ಮಿಶ್ರಲೋಹವು ಅದರ ಹತ್ತಾರು ಪಟ್ಟು ಕ್ಷೇತ್ರವನ್ನು ತಾಳಿಕೊಂಡಿತು. ಏಕೆ? ಮಿಶ್ರಲೋಹ ಒಂದೇ ಸಮನಾಗಿಲ್ಲ, ಸ್ಪಂಜಿನಂತೆ ಅದರೊಳಗೆ ಬೇರೆ ಬಗೆಯ ಎಳೆಗಳು ಹೆಣೆದುಕೊಂಡಿವೆ, ಎಂದರು ಕೆಲವರು. ಅವರ ದೃಷ್ಟಿಯಲ್ಲಿ ಇದು ಲೋಹದ ದೋಷದ ಫಲ.

ಲೈಡನ್ನಿನಲ್ಲಿ ಕೆಲಸ ಮಾಡಿ ಬಂದಿದ್ದ ಲೆವ್ ಶುಬ್ನಿಕೊವ್ ಆಗ ಸೋವಿಯೆತ್ ಯುಕ್ರೇನಿನ ಖಾರ್ಕೊವ್ ನಗರದಲ್ಲಿ ಶೀತ ಪ್ರಯೋಗಶಾಲೆಯ ಮುಖ್ಯಸ್ಥರಾಗಿದ್ದರು. ಅವರೂ ಸಂಗಡಿಗರೂ ಸೀಸಕ್ಕೆ ಥ್ಯಾಲಿಯಮ್ ಬೆರೆಸಿ ಒಂಟಿ ಹರಳುಗಳನ್ನು ಬೆಳೆಸಿದರು. ಕರಗುವ ಹಂತದ ಸಮೀಪದ ಉಷ್ಣದಲ್ಲಿ ಅವನ್ನು ಬಹಳ ಹೊತ್ತು ಇರಿಸಿ, ಎರಡು ಲೋಹಗಳ ಕಣಗಳು ಸಮನಾಗಿ ಬೆರೆಯುವಂತೆ ಮಾಡಿದರು. ದೋಷವೇ ಕಾರಣವಾಗಿದ್ದರೆ ಈಗ ಆ ಗುಣ ಹೋಗಬೇಕಾಗಿತ್ತು, ಹೋಗಲಿಲ್ಲ. ಒಂದು ಮಿತಿ ದಾಟಿದೊಡನೆ ಕಾಂತಕ್ಷೇತ್ರ ಲೋಹದೊಳಕ್ಕೆ ನುಸುಳತೊಡಗುವುದು, ಆದರೂ ಇನ್ನೊಂದು ಬಹು ದೊಡ್ಡ ಮಿತಿಯವರೆಗೆ ಅತಿವಾಹಕತೆ ಉಳಿಯುವುದು ಮಿಶ್ರಲೋಹದ ಸಹಜ ಸ್ವಭಾವವೆಂದು ತಿಳಿಯಿತು.

ಈ ಲೇಖನ ಅಚ್ಚಾದದ್ದು 1937ರಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಸ್ಟಾಲಿನ್ ಸರ್ಕಾರದ ಪೊಲೀಸರು ಶುಬ್ನಿಕೊವ್ ಅವರನ್ನು ಬಂಧಿಸಿದರು. ನವೆಂಬರಿನಲ್ಲಿ ಗುಂಡಿಟ್ಟು ಕೊಂದರು. ಅವರಿಗೆ ಆಗ 36 ವರ್ಷ. 1945ರಲ್ಲಿ ತೀರಿಕೊಂಡರೆಂಬ ಸುಳ್ಳು ಬಹುಕಾಲ ದಾಖಲೆಯಲ್ಲಿತ್ತು. ಅವರು ನಿರಪರಾಧಿಯೆಂದು ಸರ್ಕಾರ ಒಪ್ಪಿಕೊಂಡದ್ದು 1957ರಲ್ಲಿ. ಆ ವರ್ಷವೇ ಅಬ್ರಿಕೊಸೊವ್ ತಮ್ಮ ಸಿದ್ಧಾಂತವನ್ನು ಪ್ರಕಟಿಸಿ, ಶುಬ್ನಿಕೊವ್ ಅಳೆದ ಅಂಕಿಗಳೊಡನೆ ಹೋಲಿಸಿ ತೋರಿಸಿದರು. 2003ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಅತ್ತ 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಕುಂಜ್ಲರ್ ಮತ್ತು ಸಂಗಡಿಗರು ನಯೋಬಿಯಮ್–ತವರದ ಸಂಯುಕ್ತವನ್ನು ಪರೀಕ್ಷಿಸಿದರು. ಅದು ಗಾಜಿನಂತೆ ಪೆಡಸು; ತಂತಿಯಾಗಿ ಎಳೆಯಲು ಬಾರದು. ಆದ್ದರಿಂದ ಪುಡಿಗಳನ್ನು ನಯೋಬಿಯಮ್ ಕೊಳವೆಯಲ್ಲಿ ತುಂಬಿ, ಮೊದಲು ತಂತಿ ಎಳೆದು, ಆಮೇಲೆ ಸುಮಾರು ಸಾವಿರ ಡಿಗ್ರಿಗೆ ಕಾಯಿಸಿದರು. ಅದು 88,000 ಗೌಸ್ ಕ್ಷೇತ್ರದಲ್ಲೂ ಅತಿವಾಹಕವಾಗಿಯೇ ಉಳಿಯಿತು.

ವಿನೋದವೆಂದರೆ, ಇಂದು ಆಸ್ಪತ್ರೆಗಳ ಎಂಆರ್‌ಐ ಯಂತ್ರಗಳಲ್ಲಿರುವ ನಯೋಬಿಯಮ್–ಟೈಟೇನಿಯಮ್ ತಂತಿಗೆ ಬೇಕೆಂದೇ ಅಸಮತೆಯನ್ನು ಕೊಡುತ್ತಾರೆ. ಸುಮಾರು 400 ಡಿಗ್ರಿಯಲ್ಲಿ ಕಾಯಿಸಿದಾಗ ಟೈಟೇನಿಯಮ್ಮಿನ ಸಣ್ಣ ಕಣಗಳು ಒಳಗೆ ಬೇರ್ಪಟ್ಟು, ನುಸುಳಿದ ಕಾಂತರೇಖೆಗಳನ್ನು ಮೊಳೆಯಂತೆ ಹಿಡಿದು ನಿಲ್ಲಿಸುತ್ತವೆ. ತಂತಿ ಹೆಚ್ಚು ವಿದ್ಯುತ್ತನ್ನು ಹೊರುತ್ತದೆ. ಕ್ಷೇತ್ರ ಒಳನುಸುಳಿದರೂ ಅತಿವಾಹಕತೆ ಅಳಿಯದ ಆ ಸ್ಥಿತಿಗೆ ವಿಜ್ಞಾನಿಗಳು ಶುಬ್ನಿಕೊವ್ ಅವರ ಹೆಸರನ್ನೇ ಇಟ್ಟಿದ್ದಾರೆ.