ಹತ್ತಿಯ ಕುಲನಿರ್ಣಯ

ಸಂಸ್ಕೃತದಲ್ಲಿ ಕಾರ್ಪಾಸವೆಂದೂ ನಮ್ಮಲ್ಲಿ ಹತ್ತಿಯೆಂದೂ ಕರೆಯಿಸಿಕೊಳ್ಳುವ ಗಿಡವು ಒಂದೇ ಜಾತಿಯದಲ್ಲ. ಭರತಖಂಡದ ಪ್ರಾಚೀನ ಹತ್ತಿಯ ಜೀವಕೋಶದಲ್ಲಿ 26 ವರ್ಣತಂತುಗಳಿರುತ್ತವೆ; ಇಂದು ಲೋಕದಲ್ಲಿ ಬಹುಭಾಗ ಬೆಳೆಯತಕ್ಕ ಅಮೆರಿಕಾ ಹತ್ತಿಯಲ್ಲಿ 52. ಈ ಇಮ್ಮಡಿಯು ಎಲ್ಲಿಂದ ಬಂದಿತು?

1934ರಲ್ಲಿ ಸ್ಕೊವ್‌ಸ್ಟೆಡ್ ಎಂಬ ವಿದ್ವಾಂಸನು ಅಮೆರಿಕಾ ಹತ್ತಿಯ 26 ಜೋಡಿಗಳಲ್ಲಿ 13 ದೊಡ್ಡವು, 13 ಚಿಕ್ಕವು ಎಂದು ಕಂಡನು. ದೊಡ್ಡವು ಏಷ್ಯಾದ ಹತ್ತಿಯ ವರ್ಣತಂತುಗಳನ್ನೂ, ಚಿಕ್ಕವು ಅಮೆರಿಕಾದ ಕಾಡುಹತ್ತಿಯವುಗಳನ್ನೂ ಹೋಲುತ್ತಿದ್ದುವು. 1940ರಲ್ಲಿ ಬೀಸ್ಲಿಯು ಅಂತಹ ಎರಡು ಜಾತಿಗಳನ್ನು ಕೂಡಿಸಿ, ವರ್ಣತಂತುಗಳನ್ನು ಇಮ್ಮಡಿಗೊಳಿಸಿ, ಫಲಿಸುವ ಗಿಡವನ್ನೇ ಪಡೆದನು. ಅನಂತರದ ಶೋಧನೆಯಿಂದ ಹಳೆಯ ಲೋಕದ ಕುಲವು ತಾಯಿಯೆಂದೂ ಕಾಡುಹತ್ತಿಯ ಕುಲವು ತಂದೆಯೆಂದೂ ಗೊತ್ತಾಯಿತು. ತಂದೆಯ ಕುಲದಲ್ಲಿ ನೂಲಲು ಬರುವ ಅರಳೆಯೇ ಇಲ್ಲ. ಆದುದರಿಂದ ನೂಲಿನ ಗುಣವೆಲ್ಲ ತಾಯಿಯ ಕಡೆಯದೆಂದು ಯಾರಾದರೂ ಊಹಿಸುವರು.

ಈ ಊಹೆಯನ್ನು ಪರೀಕ್ಷಿಸಿದುದು ವಂಶನಕ್ಷೆ. ಎಳೆಯ ಉದ್ದ, ಬಲ, ನಯ ಇವುಗಳಲ್ಲಿ ಒಂದೊಂದೂ ಅನೇಕ ವಂಶವಾಹಿಗಳ ಕೂಡುಫಲ. ಹವೆಯೂ ನೆಲವೂ ಅದರಲ್ಲಿ ಕೈಹಾಕುತ್ತವೆ. ಅಮೆರಿಕಾ ಹತ್ತಿಯನ್ನು ಉದ್ದನೆಯ ಎಳೆಯ ಬಾರ್ಬಡೆನ್ಸ್ ಜಾತಿಯೊಡನೆ ಕೂಡಿಸಿ, ಎರಡನೆಯ ತಲೆಮಾರಿನ ಪ್ರತಿಯೊಂದು ಗಿಡದಲ್ಲಿಯೂ ಯಾವ ಗುರುತು ಯಾವ ಗುಣದೊಡನೆ ಸೇರಿ ಬರುತ್ತದೆಂದು ಎಣಿಸುವುದೇ ಇದರ ಕ್ರಮ. 1994ರ ಮೊದಲ ವಿಸ್ತಾರವಾದ ನಕ್ಷೆಯಲ್ಲಿ 705 ಗುರುತುಗಳಿದ್ದುವು; ಆದರೆ ಅವು 41 ಗುಂಪುಗಳಾಗಿ ನಿಂತವು. ಇರತಕ್ಕವು 26 ಜೋಡಿಗಳಾದುದರಿಂದ ನಕ್ಷೆಯು ಇನ್ನೂ ಹರಕಾಗಿದ್ದಿತೆಂಬುದು ಸ್ಪಷ್ಟ. ಆದರೂ 1998ರಲ್ಲಿ ಅದೇ ಮಾರ್ಗದಿಂದ ಹೊರಟ ಫಲವು ವಿಸ್ಮಯಕರವಾಗಿದೆ: ಎಳೆಯ ಗುಣಕ್ಕೂ ಇಳುವರಿಗೂ ಸಂಬಂಧಿಸಿದ ಸ್ಥಾನಗಳಲ್ಲಿ ಹೆಚ್ಚಿನವು ಅರಳೆಯಿಲ್ಲದ ತಂದೆಯ ಭಾಗದಲ್ಲಿಯೇ ದೊರೆತುವು.

ಮನುಸ್ಮೃತಿಯ 9ನೆಯ ಅಧ್ಯಾಯದಲ್ಲಿ ಬೀಜವು ಪ್ರಧಾನವೋ ಕ್ಷೇತ್ರವು ಪ್ರಧಾನವೋ ಎಂಬ ಚರ್ಚೆಯುಂಟು. ಹತ್ತಿಯು ಎರಡು ಪಕ್ಷಕ್ಕೂ ಒಗ್ಗುವುದಿಲ್ಲ. ಎಳೆಯನ್ನು ತಾಯಿ ಕೊಟ್ಟಳು. ಅದನ್ನು ತಿದ್ದಲು ಬೇಕಾದ ಸಾಮಗ್ರಿಯು ತಂದೆಯಲ್ಲಿ ಅಡಗಿದ್ದಿತು. ಅರಳೆ ಕಾಣದ ಕಾಡುಗಿಡವನ್ನು ನಿರುಪಯೋಗಿಯೆಂದು ತಳ್ಳುವವರ ವಾದವು ಇಲ್ಲಿ ನಿಲ್ಲದೆಂದು ನನ್ನ ಅಭಿಪ್ರಾಯ.

ನಮ್ಮ ಧಾರವಾಡದಲ್ಲಿ ಇದೇ ಎರಡು ಜಾತಿಗಳ ಸಂಕರವು ನಕ್ಷೆಗೆ ಮೊದಲೇ ನಡೆದಿತ್ತು. ಬಿ. ಎಚ್. ಕಟರಕಿಯವರು ‘ಲಕ್ಷ್ಮಿ’ ಎಂಬ ಅಮೆರಿಕಾ ತಳಿಯನ್ನು ತಾಯಿಯಾಗಿಯೂ ಬಾರ್ಬಡೆನ್ಸ್ ಜಾತಿಯ ಎಸ್.ಬಿ. 289 ಇ ಎಂಬುದನ್ನು ತಂದೆಯಾಗಿಯೂ ಇಟ್ಟು 1972ರಲ್ಲಿ ‘ವರಲಕ್ಷ್ಮಿ’ಯನ್ನು ಹೊರತಂದರು. ಅವರ ಮುಂದೆ ಯಾವ ಗುರುತೂ ಇರಲಿಲ್ಲ. ಗಿಡವೂ ಅರಳೆಯೂ ಮಾತ್ರ. ಇಂತಹ ಬೀಜಕ್ಕಾಗಿ ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ಕಿತ್ತು, ಮರುದಿನ ಬೆಳಗ್ಗೆ ಪರಾಗವನ್ನು ಹಚ್ಚಬೇಕಾಗುತ್ತದೆ, ಒಂದೊಂದು ಹೂವಿಗೂ.