ಅವ್ವನ ಕನಸು ಮತ್ತು ಇಪ್ಪತ್ತೈದು ಎಲೆ

1988ರ ಮಳೆಗಾಲ. ಹೈದರಾಬಾದಿನ ಕಾಚಿಗುಡದ ಬಾಡಿಗೆ ಕೋಣೆಯಲ್ಲಿ ಟೈಫಾಯಿಡ್ ಬಂದು ಮಲಗಿದ್ದೆ. ಊರಿಗೆ ತಿಳಿಸಿರಲಿಲ್ಲ. ನಾಲ್ಕನೇ ದಿನ ರಾಯಚೂರಿನಿಂದ ಅವ್ವ ಅಪ್ಪನ ಕೈಲಿ ಬರೆಸಿದ ಕಾಗದ ಬಂತು. "ನಿನಗ ಮೈಯಾಗ ಆರಾಮಿಲ್ಲಂತ ಕನಸು ಬಿದ್ದಿತ್ತು. ಹೆಂಗಿದ್ದಿ?" ಅಂತ.

ಅವ್ವನಿಗೆ ಹೇಗೆ ಗೊತ್ತಾಯ್ತು? ಈ ಕಥೆ ಎಷ್ಟು ಜನರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ.

ಇಂಥ ಕಥೆಗಳನ್ನು ಸರ್ಕಾರಿ ದುಡ್ಡಿನಲ್ಲಿ ಪರೀಕ್ಷೆ ಮಾಡಿದ್ದಾರೆ ಅಂದ್ರೆ ನಂಬ್ತೀರಾ? ಹೈದರಾಬಾದ್ ರಾಜಧಾನಿಯಾಗಿದ್ದ ಅಂದಿನ ಆಂಧ್ರಪ್ರದೇಶದಲ್ಲೇ, 1967ರಲ್ಲಿ, ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ ಮನಶ್ಶಾಸ್ತ್ರ ಮತ್ತು ಪರಾಮನೋವಿಜ್ಞಾನ ವಿಭಾಗ ತೆರೆಯಿತು. ಕಟ್ಟಿದವರು ಕೆ. ರಾಮಕೃಷ್ಣ ರಾವ್. ಅಮೆರಿಕದಲ್ಲಿ ಜೆ. ಬಿ. ರೈನ್ ಅವರ ಜೊತೆ ಕೆಲಸ ಮಾಡಿದವರು. 2011ರಲ್ಲಿ ಪದ್ಮಶ್ರೀ ಪಡೆದರು.

ರೈನ್ ಅವರ ಪರೀಕ್ಷೆ ಸರಳ. ಒಟ್ಟು 25 ಎಲೆ. ವೃತ್ತ, ಚೌಕ, ನಕ್ಷತ್ರ, ಕೂಡಿಸುವ ಚಿಹ್ನೆ, ಅಲೆಗೆರೆ, ಹೀಗೆ ಐದು ಗುರುತು, ಒಂದೊಂದೂ ಐದು ಸಲ. ನೋಡದೆ ಹೇಳಬೇಕು. ಸುಮ್ಮನೆ ಊಹಿಸಿದರೂ ಸರಾಸರಿ 5 ಸರಿಯಾಗುತ್ತವೆ. ಒಂದು ಸಲ 8 ಬಂದರೆ ಕುಣಿಯುವಂತಿಲ್ಲ, ಸಾವಿರಾರು ಸಲ ಆಡಿಸಬೇಕು. ಮುಖ್ಯವಾಗಿ, ತಪ್ಪಿದ್ದನ್ನೂ ಬರೆದಿಡಬೇಕು. ರೈನ್ ಅವರಿಗೆ ಸಿಕ್ಕ ಫಲಿತಾಂಶ ಬೇರೆಯವರು ಬಿಗಿಯಾಗಿ ಪರೀಕ್ಷಿಸಿದಾಗ ಸಿಗಲಿಲ್ಲ.

ಅಮೆರಿಕ ಸರ್ಕಾರವೂ ಸುಮ್ಮನಿರಲಿಲ್ಲ. ರಷ್ಯಾದವರು ಮುಂದೆ ಹೋದಾರು ಅಂತ ಹೆದರಿ 1972ರಿಂದ, ಕೂತಲ್ಲೇ ದೂರದ್ದನ್ನು "ನೋಡುವ" ಜನರಿಗಾಗಿ ಸುಮಾರು 2 ಕೋಟಿ ಡಾಲರ್ ಸುರಿಯಿತು. ಆ ಮಾಹಿತಿಯಿಂದ ಬೇಹುಗಾರಿಕೆಗೆ ಪ್ರಯೋಜನವಾಗಿಲ್ಲ ಅಂತ ತಜ್ಞರ ವರದಿ ಹೇಳಿದ ಮೇಲೆ, 1995ರಲ್ಲಿ ಬಾಗಿಲು ಹಾಕಿತು.

ನಮ್ಮ ಕರ್ನಾಟಕದ ಕಥೆ ಬೇರೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಪರೀಕ್ಷಿಸುವವರಿದ್ದರು, ಪರೀಕ್ಷೆಗೆ ಕೂರುವವರಿರಲಿಲ್ಲ!

ಇನ್ನು ಹೈದರಾಬಾದಿಗೆ ಬರೋಣ. ಭವಿಷ್ಯ ತಿಳಿಯುವ ವಿದ್ಯೆ ಎನ್ನುವ ಜ್ಯೋತಿಷವನ್ನು ವಿಶ್ವವಿದ್ಯಾಲಯಗಳಲ್ಲಿ ಪದವಿಯಾಗಿ ಕಲಿಸಲು 2001ರಲ್ಲಿ ಯುಜಿಸಿ ಹೊರಟಿತು. ಇಲ್ಲಿನ ಸಿಸಿಎಂಬಿ ಸಂಸ್ಥೆ ಕಟ್ಟಿದ ವಿಜ್ಞಾನಿ ಪಿ. ಎಂ. ಭಾರ್ಗವ ಮತ್ತಿಬ್ಬರು ಹೈಕೋರ್ಟಿಗೆ ಹೋದರು. ಸೋತರು. 2004ರಲ್ಲಿ ಸುಪ್ರೀಂ ಕೋರ್ಟೂ, ಯಾವ ವಿಷಯ ಕಲಿಸಬೇಕು ಅನ್ನುವುದು ಶಿಕ್ಷಣ ತಜ್ಞರಿಗೆ ಬಿಟ್ಟದ್ದು ಅಂತ ಅರ್ಜಿ ತಳ್ಳಿಹಾಕಿತು.

ಸರ್ಕಾರ ಇಂಥದ್ದರಲ್ಲಿ ಆಸಕ್ತಿ ತೋರಿಸಿದರೆ ನನಗೆ ಸಿಟ್ಟಿಲ್ಲ. ವಿಶಾಖಪಟ್ಟಣದಲ್ಲಿ ಎಲೆ ಎಣಿಸಿದವರು ಕೊನೇಪಕ್ಷ ಪ್ರಶ್ನೆ ಕೇಳಿದರು. ಯಾರೂ ಎಣಿಸದೆ ಪಾಠ ಶುರು ಮಾಡಿದರೆ ಮಕ್ಕಳ ಗತಿ ಏನು ಅನ್ನುವುದೇ ನನ್ನ ಚಿಂತೆ.

ಅವ್ವ ತೀರಿಕೊಂಡ ಮೇಲೆ ಟ್ರಂಕಿನಲ್ಲಿದ್ದ ಅವಳ ಹಳೇ ಕಾಗದಗಳನ್ನು ಒಂದು ಭಾನುವಾರ ಕೂತು ಓದಿದೆ. 41 ಇದ್ದವು. ಹದಿನಾರರಲ್ಲಿ "ಕೆಟ್ಟ ಕನಸು ಬಿತ್ತು, ಹುಷಾರಿರು" ಅಂತಿತ್ತು. ಜ್ವರ ಬಂದದ್ದು ಒಂದೇ ಸಲ. ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೂ ಆ ಒಂದನ್ನೇ.

ಕಾಗದಗಳನ್ನು ಮತ್ತೆ ಕಟ್ಟಿ ಜೋಪಾನವಾಗಿ ಇಟ್ಟಿದ್ದೇನೆ. ಮಗ ದೂರದೂರಿನಲ್ಲಿದ್ದರೆ ತಾಯಿಗೆ ವಾರಕ್ಕೊಂದು ಕೆಟ್ಟ ಕನಸು ಬೀಳುತ್ತದೆ. ಊರು ಬಿಟ್ಟು ಬಂದ ನಮಗೆಲ್ಲ ಅದು ಗೊತ್ತಿರುವ ವಿಷಯವೇ ಬಿಡಿ.